ಬಕ್ರೀದ್ ಮಾರಾಟಕ್ಕೆ ಟಗರು ಮತ್ತು ಹೋತ: ವಯಸ್ಸು, ಊನಗಳ ತಿಳಿವಳಿಕೆ

ವರ್ಷವಿಡೀ ಸಾಕಿದ ಟಗರನ್ನು ಬಕ್ರೀದ್ ಸಂತೆಗೆ ತಂದ ರೈತನಿಗೆ ಕೆಲವು ಸಲ, "ಟಗರು ಚೆನ್ನಾಗಿದೆ, ಆದರೆ ಕುರ್ಬಾನಿಗೆ ಆಗದು" ಎಂಬ ಮಾತು ಕೇಳಿಬರುತ್ತದೆ. ಮೈ ತುಂಬಿದೆ, ತೂಕವೂ ಇದೆ. ಆದರೆ ಅರ್ಧ ಕಿವಿ ಇಲ್ಲ, ಇಲ್ಲವೇ ವಯಸ್ಸು ಸಾಲದು. ಇಂಥ ಪ್ರಾಣಿ ಹಬ್ಬದ ಬೆಲೆ ಕಳೆದುಕೊಂಡು ಬರೀ ಮಾಂಸದ ಬೆಲೆಗೆ ಹೋಗುತ್ತದೆ. ಕುರ್ಬಾನಿಯ ಪ್ರಾಣಿಯನ್ನು ಮುಸ್ಲಿಮರು ತಮ್ಮ ಧರ್ಮದ ನಿಯಮಗಳಿಗೆ ಅನುಸಾರವಾಗಿ ಆರಿಸುತ್ತಾರೆ. ಆ ನಿಯಮಗಳನ್ನು ಮೊದಲೇ ತಿಳಿದು ಸಾಕಿದರೆ ಈ ನಷ್ಟವನ್ನು ತಪ್ಪಿಸಬಹುದು.

ವಯಸ್ಸು

ಕರ್ನಾಟಕದ ಒಳನಾಡಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಪಂಥವನ್ನು ಅನುಸರಿಸುತ್ತಾರೆ. ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿ ಪಂಥದವರು. ಇವೆರಡರಲ್ಲಿ ವಯಸ್ಸಿನ ನಿಯಮ ಒಂದೇ ಅಲ್ಲ.

ಹನಫಿ ಪಂಥದ ಪ್ರಕಾರ ಆಡು, ಕುರಿ ಎರಡಕ್ಕೂ ಒಂದು ವರ್ಷ ತುಂಬಿರಬೇಕು. ಆದರೆ ಆರು ತಿಂಗಳು ದಾಟಿದ ಕುರಿಯು ವರ್ಷದ ಕುರಿಗಳ ನಡುವೆ ನಿಂತಾಗ ಅವುಗಳಂತೆಯೇ ಕಾಣುವಷ್ಟು ಪುಷ್ಟವಾಗಿದ್ದರೆ ಅದನ್ನು ಒಪ್ಪುತ್ತಾರೆ. ಈ ವಿನಾಯಿತಿ ಕುರಿಗೆ ಮಾತ್ರ, ಆಡಿಗೆ ಇಲ್ಲ. ಶಾಫಿ ಪಂಥದಲ್ಲಿ ಕುರಿಗೆ ಸಾಮಾನ್ಯವಾಗಿ ಒಂದು ವರ್ಷ, ಆಡಿಗೆ ಎರಡು ವರ್ಷ ತುಂಬಿರಬೇಕು. ಆದ್ದರಿಂದ ಬೆಂಗಳೂರಿನಲ್ಲಿ ಸುಲಭವಾಗಿ ಮಾರಾಟವಾಗುವ ಒಂದು ವರ್ಷದ ಹೋತವನ್ನು ಮಂಗಳೂರು, ಭಟ್ಕಳಗಳ ಕಡೆಗೆ ಒಯ್ದರೆ ಕೊಳ್ಳುವವರು ನಿರಾಕರಿಸಬಹುದು.

ಸಂತೆಯಲ್ಲಿ ವಯಸ್ಸನ್ನು ಹಲ್ಲಿನಿಂದ ನೋಡುತ್ತಾರೆ. ಕೆಳದವಡೆಯ ಮುಂಭಾಗದಲ್ಲಿ ಎಂಟು ಹಾಲುಹಲ್ಲುಗಳಿರುತ್ತವೆ. ನಡುವಿನ ಜೋಡಿ ಬಿದ್ದು ದೊಡ್ಡ ಹಲ್ಲು ಬರುವುದು ಸುಮಾರು ಒಂದರಿಂದ ಒಂದೂವರೆ ವರ್ಷದಲ್ಲಿ. ಎರಡನೆಯ ಜೋಡಿ ಸುಮಾರು ಒಂದೂವರೆಯಿಂದ ಎರಡು ವರ್ಷದಲ್ಲಿ. ತಳಿ, ಮೇವುಗಳಿಗೆ ಅನುಗುಣವಾಗಿ ಇದು ಹಿಂದುಮುಂದಾಗುತ್ತದೆ. ವರ್ಷ ತುಂಬಿಯೂ ಹಲ್ಲು ಬೀಳದ ಮರಿಗಳುಂಟು. ಇಂಥ ಮರಿಯ ವಯಸ್ಸನ್ನು ತೋರಿಸಲು ಹುಟ್ಟಿದ ತಾರೀಖು ಬರೆದಿಟ್ಟ ಪುಸ್ತಕ ನೆರವಿಗೆ ಬರುತ್ತದೆ.

ಹಬ್ಬದ ಲೆಕ್ಕ

ಇಸ್ಲಾಮೀ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನಗಳದ್ದು. ಆದ್ದರಿಂದ ಬಕ್ರೀದ್ ವರ್ಷಕ್ಕೆ ಹತ್ತು-ಹನ್ನೊಂದು ದಿನ ಮುಂದಕ್ಕೆ ಬರುತ್ತದೆ. 2023ರಲ್ಲಿ ಜೂನ್ 29, 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7ರಂದು ಹಬ್ಬವಾಯಿತು. ಪ್ರಾಣಿಯ ವಯಸ್ಸನ್ನೂ ಚಾಂದ್ರಮಾನದಲ್ಲೇ ಎಣಿಸುತ್ತಾರೆ. ಆಡು, ಕುರಿಗಳ ಗರ್ಭಾವಧಿ ಸುಮಾರು ಐದು ತಿಂಗಳು. ಹಬ್ಬಕ್ಕೆ ವರ್ಷ ತುಂಬಿದ ಮರಿ ಬೇಕಾದರೆ ತಾಯಿ ಸುಮಾರು 17 ತಿಂಗಳ ಮೊದಲೇ ಗಬ್ಬವಾಗಿರಬೇಕು. ಕರಾವಳಿಗೆಂದು ಎರಡು ವರ್ಷದ ಹೋತ ಬೇಕಾದರೆ ಸುಮಾರು 29 ತಿಂಗಳ ಮೊದಲು.

ಊನಗಳು

ಹದೀಸಿನಲ್ಲಿ ನಾಲ್ಕು ಬಗೆಯ ಪ್ರಾಣಿಗಳು ಕುರ್ಬಾನಿಗೆ ಸಲ್ಲವೆಂದು ಹೇಳಿದೆ: ಒಂದು ಕಣ್ಣು ಕಾಣದಿರುವುದು ಸ್ಪಷ್ಟವಾದದ್ದು, ರೋಗ ಎದ್ದು ಕಾಣುವಂಥದ್ದು, ಕುಂಟು ಎದ್ದು ಕಾಣುವಂಥದ್ದು, ಮೂಳೆಯಲ್ಲಿ ಮಜ್ಜೆ ಉಳಿಯದಷ್ಟು ಬಡಕಲಾದದ್ದು. ಕಿವಿ, ಬಾಲ ಕತ್ತರಿಸಿದ್ದನ್ನೂ ಕೊಂಬು ಬುಡಸಹಿತ ಮುರಿದದ್ದನ್ನೂ ಕೊಳ್ಳುವವರು ಪರೀಕ್ಷಿಸುತ್ತಾರೆ. ಕಿವಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೋಗಿದ್ದರೆ ಹನಫಿಗಳು ಒಪ್ಪುವುದಿಲ್ಲ. ಶಾಫಿಗಳು ಇದರಲ್ಲಿ ಇನ್ನೂ ಕಟ್ಟುನಿಟ್ಟು.

ಹುಟ್ಟಿನಿಂದಲೇ ಕೊಂಬಿಲ್ಲದಿರುವುದು ಊನವಲ್ಲ. ಆದ್ದರಿಂದ ಕೊಂಬಿಲ್ಲದ ಬನ್ನೂರು ಟಗರಿಗೆ ಅಡ್ಡಿಯಿಲ್ಲ. ಬೀಜ ಒಡೆಸಿದ ಪ್ರಾಣಿಯೂ ಸಲ್ಲುತ್ತದೆ.

ಈ ಊನಗಳಲ್ಲಿ ಹೆಚ್ಚಿನವು ದೊಡ್ಡಿಯಲ್ಲೇ ಆಗುವಂಥವು. ಗುರುತಿಗೆಂದು ಕಿವಿ ಕೊಯ್ಯುವ ಬದಲು ಕಿವಿಗೆ ಬಿಲ್ಲೆ ಹಾಕಿಸುವುದು ಅಥವಾ ಬಣ್ಣದ ಗುರುತು ಮಾಡುವುದು ಮೇಲು. ಬೆಳೆದ ಟಗರುಗಳನ್ನು ಗುದ್ದಾಡಲು ಬಿಡದೆ ಬೇರೆ ಬೇರೆ ಕಟ್ಟಬೇಕು. ಕಣ್ಣಿಗೆ ಮುಳ್ಳು ತಾಗಿದರೆ ಅಂದೇ ಪಶುವೈದ್ಯರಿಗೆ ತೋರಿಸಬೇಕು. ಗೊರಸು ಬೆಳೆದಂತೆ ಸವರಿ, ದೊಡ್ಡಿಯ ನೆಲ ಒಣಗಿರುವಂತೆ ನೋಡಿಕೊಂಡರೆ ಕುಂಟು ಕಡಿಮೆ. ಹಿರೇಬೇನೆ, ಕರುಳುಬೇನೆಗಳಿಗೆ ಸಕಾಲದಲ್ಲಿ ಲಸಿಕೆ ಹಾಕಿಸಿ, ಜಂತುನಾಶಕ ಕುಡಿಸಬೇಕು. ಸಾಗಿಸುವಾಗ ವಾಹನದಲ್ಲಿ ಒತ್ತಾಗಿ ತುಂಬಿದರೆ ಕೊನೆಯ ದಿನವೇ ಕಾಲು, ಕೊಂಬು ಮುರಿಯುತ್ತವೆ.

ಮಾರಾಟದಲ್ಲಿ ನೇರ ನಡೆ

ಇಸ್ಲಾಮಿನ ವ್ಯಾಪಾರ ನಿಯಮದಲ್ಲಿ ಸರಕಿನ ದೋಷ ಮುಚ್ಚಿ ಮಾರುವುದು ನಿಷಿದ್ಧ. ಪ್ರವಾದಿ ಮುಹಮ್ಮದರು ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿ, ಒಳಗೆ ಒದ್ದೆಯಿರುವುದನ್ನು ಕಂಡು, ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲವೆಂದು ಮಾರುವವನನ್ನು ಕೇಳಿದ ಪ್ರಸಂಗ ಹದೀಸಿನಲ್ಲಿದೆ. ಹಾಲು ಕರೆಯದೆ ಕೆಚ್ಚಲು ಬಿಗಿಯುವಂತೆ ಮಾಡಿ ಪ್ರಾಣಿ ಮಾರುವುದನ್ನೂ ಅವರು ತಡೆದರು. ಹೀಗೆ ಮೋಸಹೋದವನು ಮೂರು ದಿನದೊಳಗೆ ಪ್ರಾಣಿಯನ್ನು ಹಿಂದಿರುಗಿಸಬಹುದು. ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಅಳತೆ ಖರ್ಜೂರ ಕೊಡಬೇಕು ಎಂಬ ವಿಧಿಯಿದೆ.

ತೂಕ ಬರಲೆಂದು ಉಪ್ಪು ತಿನ್ನಿಸಿ ಹೊಟ್ಟೆ ತುಂಬ ನೀರು ಕುಡಿಸುವುದು ಇದೇ ಜಾತಿಯ ಮೋಸ. ಹಲ್ಲು ಬೀಳದ ಮರಿಗೆ ಸುಳ್ಳು ವಯಸ್ಸು ಹೇಳಿದರೆ ಕೊಂಡವನ ಹಣ ಮಾತ್ರವಲ್ಲ, ಅವನ ಹರಕೆಯೂ ಕೆಡುತ್ತದೆ. ಅಂಥ ದೊಡ್ಡಿಯ ಕಡೆಗೆ ಮುಂದಿನ ವರ್ಷ ಆತ ಬರುವುದಿಲ್ಲ. ಚುಚ್ಚುಮದ್ದು ಕೊಡಿಸಿದ್ದರೆ ಅದರ ಅಂಶ ಮಾಂಸದಲ್ಲಿ ಉಳಿಯುವ ಅವಧಿ ಮುಗಿಯುವವರೆಗೆ ಮಾರಬಾರದು. ಈ ಅವಧಿಯನ್ನು ಪಶುವೈದ್ಯರಿಂದ ಕೇಳಿ ತಿಳಿಯಬೇಕು.

ಸತ್ತ ಪ್ರಾಣಿ ಮತ್ತು ಚರ್ಮ

ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ತಿನ್ನುವುದೂ ಮಾರುವುದೂ ಇಸ್ಲಾಮಿನಲ್ಲಿ ಹರಾಮ್. ಅದರ ಚರ್ಮವನ್ನು ಹದ ಮಾಡಿ ಬಳಸಬಹುದೆಂಬುದು ಹೆಚ್ಚಿನ ಧರ್ಮಪಂಡಿತರ ಮತ. ಆದರೆ ದಿಢೀರನೆ ಸತ್ತು, ಮೂಗು, ಗುದದ್ವಾರಗಳಿಂದ ರಕ್ತ ಸೋರುತ್ತಿರುವ ಪ್ರಾಣಿಯ ಚರ್ಮವನ್ನು ಯಾರೂ ಸುಲಿಯಬಾರದು. ಅದು ನೆರಡಿ ರೋಗವಿರಬಹುದು; ಈ ರೋಗ ಮನುಷ್ಯರಿಗೂ ತಗಲಿ ಪ್ರಾಣ ತೆಗೆಯುತ್ತದೆ. ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಕುರ್ಬಾನಿ ಮಾಡಿದವರು ಅದರ ಚರ್ಮ ಮಾರಿ ಹಣವನ್ನು ಸ್ವಂತಕ್ಕೆ ಇಟ್ಟುಕೊಳ್ಳುವಂತಿಲ್ಲ. ಕೊಯ್ದವರ ಕೂಲಿಗೂ ಅದನ್ನು ಕೊಡುವಂತಿಲ್ಲ. ಸಾಮಾನ್ಯವಾಗಿ ಬಡವರಿಗೆ ಅಥವಾ ಮದರಸಾಗಳಿಗೆ ದಾನ ಕೊಡುತ್ತಾರೆ. ಆದ್ದರಿಂದ ಚರ್ಮವನ್ನು ತನಗೆ ಬಿಡಬೇಕೆಂದು ಮಾರುವ ರೈತ ಕರಾರು ಹಾಕುವುದು ಸರಿಯಲ್ಲ.

ನೆನಪಿಡಬೇಕಾದ ಅಂಶಗಳು

1. ಪ್ರತಿ ಮರಿಯ ಹುಟ್ಟಿದ ತಾರೀಖನ್ನು ಬರೆದಿಡಬೇಕು.
2. ಯಾವ ಊರಿನ ಪೇಟೆಗೆ ಒಯ್ಯುವುದೆಂದು ಮೊದಲೇ ನಿರ್ಧರಿಸಿ, ಅಲ್ಲಿಯ ವಯಸ್ಸಿನ ನಿಯಮ ಕೇಳಿಕೊಳ್ಳಬೇಕು. ಸಂದೇಹ ಬಂದಲ್ಲಿ ಅಲ್ಲಿಯ ಮಸೀದಿಯ ಮೌಲ್ವಿಗಳನ್ನು ವಿಚಾರಿಸಬಹುದು.
3. ಹಬ್ಬಕ್ಕೆ ಮೂರು ತಿಂಗಳು ಇರುವಾಗ ಪ್ರಾಣಿಗಳ ಕಣ್ಣು, ಹಲ್ಲು, ಕಿವಿ, ಕೊಂಬು, ಕಾಲು, ಬಾಲಗಳನ್ನು ಪರೀಕ್ಷಿಸಿ, ಊನವಿಲ್ಲದವನ್ನು ಬೇರ್ಪಡಿಸಿ ಹೆಚ್ಚಿನ ಮೇವು ಕೊಡಬೇಕು. ಹಿಂಡಿ, ಕಾಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ.
4. ಊನವಿರುವ ಪ್ರಾಣಿಯನ್ನು ಹಬ್ಬದ ಸಂತೆಗೆ ತರದೆ ಮಾಂಸದ ಪೇಟೆಯಲ್ಲಿ ಮಾರಬೇಕು. ಊನವನ್ನು ಬಾಯಿಬಿಟ್ಟು ಹೇಳಬೇಕು.

ಈ ಕ್ರಮಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಖರ್ಚಿಲ್ಲ. ಮರಿ ಹುಟ್ಟಿದ ದಿನದಿಂದಲೇ ಇವನ್ನು ಪಾಲಿಸಿದ ರೈತನಿಗೆ ಹಬ್ಬದ ಬೆಲೆಯೂ ಮರುವರ್ಷದ ಗಿರಾಕಿಯೂ ದೊರೆಯುವ ಸಂಭವ ಹೆಚ್ಚು.