ಕಾರ್ಖಾನೆ ಬಂದದ್ದೇಕೆ? ಹೋದದ್ದೇಕೆ?



“ಕೈಗಾರಿಕೆಗಳು ಒಂದು ಸ್ಥಳದಲ್ಲಿ ನೆಲೆಗೊಳ್ಳಲು ಕಾರಣಗಳೇನು?” ಅಂತ ಪರೀಕ್ಷೆಯಲ್ಲಿ ಕೇಳ್ತಾರೆ. ಕಚ್ಚಾ ಸಾಮಗ್ರಿ, ಶಕ್ತಿ, ಜಾಗ, ಸಾರಿಗೆ, ಕಾರ್ಮಿಕರು, ಬಂಡವಾಳ, ಮಾರುಕಟ್ಟೆ ಅಂತ ನಾವೂ ಬಾಯಿಪಾಠ ಒಪ್ಪಿಸ್ತೀವಿ. ಆದರೆ ಬಂದ ಕಾರ್ಖಾನೆ ಯಾಕೆ ಹೊರಟು ಹೋಗುತ್ತೆ? ಇದನ್ನು ತಿಳಿಯಲು ನಾನು ಅಮೆರಿಕದ ಡೆಟ್ರಾಯಿಟ್ ನಗರವನ್ನು ಆರಿಸಿಕೊಂಡಿದ್ದೇನೆ. ಮೊದಲು ಅಲ್ಲಿಯ ಜನಸಂಖ್ಯೆ ನೋಡಿ.

1900 – 2,85,704
1920 – 9,93,678
1950 – 18,49,568
2000 – 9,51,270
2020 – 6,39,111

ಬೆಟ್ಟ ಹತ್ತಿ ಇಳಿದ ಹಾಗಿದೆ, ಅಲ್ವಾ?

1. ಹತ್ತಿದ್ದು ಹೇಗೆ?

ಡೆಟ್ರಾಯಿಟ್ ಇರುವುದು ಮಿಷಿಗನ್ ರಾಜ್ಯದಲ್ಲಿ, ನದಿಯ ದಂಡೆಯ ಮೇಲೆ. ನದಿಯ ಆಚೆ ದಡ ಕೆನಡಾ ದೇಶ. ಸುಪೀರಿಯರ್ ಸರೋವರದ ಕಡೆಯಿಂದ ಕಬ್ಬಿಣದ ಅದಿರು ಹಡಗಿನಲ್ಲೇ ಬರುತ್ತಿತ್ತು. ಕಲ್ಲಿದ್ದಲು ಅಪಲೇಚಿಯನ್ ಬೆಟ್ಟಗಳಿಂದ ಬರುತ್ತಿತ್ತು. ಕಾರು ಹುಟ್ಟುವ ಮೊದಲೇ ಅಲ್ಲಿ ಕುದುರೆ ಗಾಡಿ, ಒಲೆ, ಹಡಗಿನ ಎಂಜಿನ್ ತಯಾರಿಸುವ ಕಸುಬುದಾರರಿದ್ದರು.

ಹೆನ್ರಿ ಫೋರ್ಡ್ 1903ರಲ್ಲಿ ತನ್ನ ಕಂಪನಿ ಶುರು ಮಾಡಿದ. 1908ರಲ್ಲಿ ‘ಮಾಡೆಲ್ ಟಿ’ ಕಾರು ಬಂತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಕೆಲಸಗಾರ ನಿಂತಲ್ಲೇ ನಿಂತಿರುತ್ತಾನೆ, ಕಾರೇ ಅವನ ಮುಂದೆ ಬರುತ್ತದೆ. ಒಬ್ಬ ನಟ್ಟು ಹಾಕಿದರೆ, ಮುಂದಿನವನು ಬಿಗಿ ಮಾಡುತ್ತಾನೆ. ಒಂದು ಚಾಸಿ ಜೋಡಿಸಲು ಮೊದಲು ಸುಮಾರು ಹನ್ನೆರಡೂವರೆ ಗಂಟೆ ಬೇಕಿತ್ತು. ಈಗ 93 ನಿಮಿಷ ಸಾಕಾಯ್ತು!

ಆದರೆ ದಿನವಿಡೀ ಒಂದೇ ನಟ್ಟು ತಿರುಗಿಸಿ ಬೇಸತ್ತ ಜನ ಕೆಲಸ ಬಿಟ್ಟು ಹೋಗತೊಡಗಿದರು. ಅವರನ್ನು ಉಳಿಸಿಕೊಳ್ಳಲು 1914ರಲ್ಲಿ ಫೋರ್ಡ್ ದಿನಕ್ಕೆ 8 ಗಂಟೆ ಕೆಲಸ, 5 ಡಾಲರ್ ಸಂಬಳ ಅಂತ ಘೋಷಿಸಿದ. ಮೊದಲಿನದಕ್ಕೆ ಹೋಲಿಸಿದರೆ ಇದು ಎರಡು ಪಟ್ಟು. ಸುದ್ದಿ ಹರಡಿ ಪೋಲೆಂಡ್, ಇಟಲಿ ಮುಂತಾದ ಕಡೆಯಿಂದ ಬಂದವರು ಇಲ್ಲಿ ಸೇರಿದರು. ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಹೊಲಗಳಿಂದ ಕಪ್ಪು ಜನರೂ ಬಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರಿನ ಬದಲು ಟ್ಯಾಂಕು, ಟ್ರಕ್ಕು, ವಿಮಾನದ ಎಂಜಿನ್ ತಯಾರಾದವು. ಕೆಲಸಕ್ಕೆ ಬರವೇ ಇರಲಿಲ್ಲ.

2. ಇಳಿದದ್ದು ಯಾವಾಗ?

“ಜಪಾನಿನ ಕಾರು ಬಂದು ಡೆಟ್ರಾಯಿಟ್ ಹಾಳಾಯ್ತು” ಅಂತ ಬಹಳ ಜನ ಹೇಳ್ತಾರೆ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಮಾತು ಅರ್ಧ ಮಾತ್ರ ನಿಜ. 1973ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಕಡಿಮೆ ಎಣ್ಣೆ ಕುಡಿಯುವ ಜಪಾನಿನ ಸಣ್ಣ ಕಾರುಗಳಿಗೆ ಬೇಡಿಕೆ ಬಂತು. ಆದರೆ ಅದಕ್ಕಿಂತ ಮೊದಲೇ, 1947ರಿಂದ 1963ರ ಒಳಗೆ, ನಗರದಲ್ಲಿ ಸುಮಾರು 1,34,000 ಕಾರ್ಖಾನೆ ಕೆಲಸಗಳು ಹೋಗಿಬಿಟ್ಟಿದ್ದವು! ಆಗ ಅಮೆರಿಕದಲ್ಲಿ ಕಾರು ಭರ್ಜರಿಯಾಗಿ ಮಾರಾಟವಾಗುತ್ತಿದ್ದ ಕಾಲ. ಹಾಗಾದರೆ ಕೆಲಸ ಎಲ್ಲಿಗೆ ಹೋಯ್ತು?

(ಅ) ಜಾಗ: ಹಳೆಯ ಕಾರ್ಖಾನೆಗಳು ಮೂರು ನಾಲ್ಕು ಅಂತಸ್ತಿನವು. ಹೊಸ ಯಂತ್ರಗಳಿಗೆ ಒಂದೇ ಅಂತಸ್ತಿನ ಉದ್ದನೆಯ ಕಟ್ಟಡ ಬೇಕು. ನಗರದೊಳಗೆ ಅಷ್ಟು ಜಾಗ ಸಿಗಲಿಲ್ಲ, ಊರ ಹೊರಗೆ ಅಗ್ಗಕ್ಕೆ ಸಿಕ್ಕಿತು.

(ಆ) ಸಾರಿಗೆ: ಮೊದಲು ರೈಲು, ಹಡಗು ಇರುವಲ್ಲೇ ಕಾರ್ಖಾನೆ ಇರಬೇಕಿತ್ತು. ಲಾರಿ ಮತ್ತು ಹೆದ್ದಾರಿ ಬಂದ ಮೇಲೆ ಎಲ್ಲಿದ್ದರೂ ನಡೆಯುತ್ತಿತ್ತು.

(ಇ) ಕಾರ್ಮಿಕರು: ಡೆಟ್ರಾಯಿಟ್‌ನಲ್ಲಿ ಕಾರ್ಮಿಕ ಸಂಘ ಬಲವಾಗಿತ್ತು, ಸಂಬಳ ಹೆಚ್ಚಿತ್ತು. ದಕ್ಷಿಣದ ರಾಜ್ಯಗಳಲ್ಲಿ ಸಂಘವೂ ದುರ್ಬಲ, ಸಂಬಳವೂ ಕಡಿಮೆ.

(ಈ) ಯಂತ್ರ: ಹತ್ತಾರು ಜನರ ಕೆಲಸವನ್ನು ಸ್ವಯಂಚಾಲಿತ ಯಂತ್ರಗಳೇ ಮಾಡತೊಡಗಿದವು.

ನೋಡಿದ್ರಾ! ಕಾರ್ಖಾನೆ ಬರಲು ಇದ್ದ ಕಾರಣಗಳೇ ದಿಕ್ಕು ಬದಲಿಸಿ ಅದನ್ನು ಕರೆದುಕೊಂಡು ಹೋದವು.

3. ಹೋಗಲಾರದೆ ಉಳಿದವರು

ಕೆಲಸ ಮೊದಲು ಹೋದದ್ದು ಪರದೇಶಕ್ಕಲ್ಲ, ಕೆಲವೇ ಮೈಲಿ ಆಚೆಯ ಹೊರವಲಯಕ್ಕೆ. ಹಾಗಿದ್ದರೆ ಜನರೂ ಅಲ್ಲಿಗೇ ಹೋಗಬಹುದಿತ್ತಲ್ಲ? ಬಿಳಿಯರು ಹೋದರು. ಕಪ್ಪು ಜನರಿಗೆ ಅಲ್ಲಿ ಮನೆ ಮಾರುತ್ತಿರಲಿಲ್ಲ, ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಇಂಥ ಭೇದವನ್ನು ದೇಶದ ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಷ್ಟರಲ್ಲಿ ಸಿಟ್ಟು ಹೊತ್ತಿಕೊಂಡಿತ್ತು. 1967ರ ಜುಲೈ ತಿಂಗಳ ಗಲಭೆಯಲ್ಲಿ 43 ಜನ ಸತ್ತರು. ಆಮೇಲೆ ಊರು ಬಿಡುವವರ ಸಂಖ್ಯೆ ಇನ್ನೂ ಹೆಚ್ಚಾಯ್ತು.

ಹೋದವರು ತಮ್ಮ ಜೊತೆ ತೆರಿಗೆಯನ್ನೂ ತೆಗೆದುಕೊಂಡು ಹೋದ ಹಾಗಾಯ್ತು. ಜನ ಅರ್ಧಕ್ಕಿಂತ ಕಡಿಮೆಯಾದರೂ ಬೀದಿ ಅರ್ಧವಾಗಲ್ಲ, ನೀರಿನ ಪೈಪು ಅರ್ಧವಾಗಲ್ಲ. ದೀಪ, ಪೊಲೀಸು, ನಿವೃತ್ತರ ಪಿಂಚಣಿ ಎಲ್ಲಕ್ಕೂ ಉಳಿದವರೇ ಕಟ್ಟಬೇಕು. ಕೊನೆಗೆ 2013ರ ಜುಲೈನಲ್ಲಿ, ಸುಮಾರು 1,800 ಕೋಟಿ ಡಾಲರ್ ಸಾಲದ ಹೊರೆಯಿಂದ, ನಗರವೇ ದಿವಾಳಿ ಅರ್ಜಿ ಹಾಕಿತು!

4. ಬೇರೆ ನಗರಗಳು

ಚಿಕಾಗೋ ನಗರದ ಹೆಸರಾಂತ ಮಾಂಸದ ಕೇಂದ್ರವಾಗಿದ್ದ ಯೂನಿಯನ್ ಸ್ಟಾಕ್ ಯಾರ್ಡ್ಸ್ 1971ರಲ್ಲಿ ಮುಚ್ಚಿತು. ಪಿಟ್ಸ್‌ಬರ್ಗ್ ಪಕ್ಕದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆ 1986ರಲ್ಲಿ ಮುಚ್ಚಿತು. ಆದರೆ ಪಿಟ್ಸ್‌ಬರ್ಗ್‌ಗೆ ವಿಶ್ವವಿದ್ಯಾಲಯಗಳೂ ದೊಡ್ಡ ಆಸ್ಪತ್ರೆಗಳೂ ಆಸರೆಯಾದವು.

ಡೆಟ್ರಾಯಿಟ್ ಕೂಡ ಸತ್ತಿಲ್ಲ. ಅಲ್ಲಿ ಕಾರು ತಯಾರಿಕೆ ಪೂರ್ತಿ ನಿಂತಿಲ್ಲ. 1988ರಿಂದ ಪಾಳು ಬಿದ್ದಿದ್ದ ದೊಡ್ಡ ರೈಲು ನಿಲ್ದಾಣದ ಕಟ್ಟಡವನ್ನು ಫೋರ್ಡ್ ಕಂಪನಿಯೇ ರಿಪೇರಿ ಮಾಡಿಸಿ 2024ರಲ್ಲಿ ತೆರೆಯಿತು. 2023ರಲ್ಲಿ ಜನಸಂಖ್ಯೆ ಸ್ವಲ್ಪ ಏರಿದೆ ಅಂತ ಅಲ್ಲಿಯ ಜನಗಣತಿ ಇಲಾಖೆ ಅಂದಾಜು ಮಾಡಿದೆ. ಹಲವು ದಶಕಗಳ ನಂತರ ಇದೇ ಮೊದಲ ಏರಿಕೆ.

5. ನಾನು ಕಲಿತದ್ದು

ಬಂಡವಾಳಕ್ಕೆ ಕಾಲಿದೆ, ಲಾಭ ಕಂಡ ಕಡೆ ನಡೆಯುತ್ತದೆ. ಮನೆ, ಶಾಲೆ, ನೀರಿನ ಪೈಪಿಗೆ ಕಾಲಿಲ್ಲ. ಆದ್ದರಿಂದ ಒಂದು ಊರಿಗೆ ಕಾರ್ಖಾನೆ ಬಂದಾಗ “ಎಷ್ಟು ಜನಕ್ಕೆ ಕೆಲಸ?” ಅಂತ ಕೇಳುವುದರ ಜೊತೆಗೆ “ಇದು ಹೋದರೆ ಈ ಊರಿಗೆ ಬೇರೆ ಏನಿದೆ?” ಅಂತಲೂ ಕೇಳಬೇಕು. ನಮ್ಮ ಬಾಯಿಪಾಠಕ್ಕೆ ಈ ಒಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳೋಣ.

ನಿಮಗೊಂದು ಲೆಕ್ಕ: 1950ಕ್ಕೆ ಹೋಲಿಸಿದರೆ 2020ರಲ್ಲಿ ಡೆಟ್ರಾಯಿಟ್ ಜನಸಂಖ್ಯೆ ಶೇಕಡಾ ಎಷ್ಟು ಕಡಿಮೆಯಾಗಿದೆ? ಉತ್ತರವನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿ.

– 10ನೇ ತರಗತಿ ವಿದ್ಯಾರ್ಥಿನಿ