ಬಾರ್ಡರ್ ಶುಗರ್: ಊಟ ಎಷ್ಟು, ಭಯ ಎಷ್ಟು?

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಐದು ತಿಂಗಳ ಹಿಂದೆ ಎಚ್‌ಬಿಎ1ಸಿ 6.0 ಬಂತು. ‘ಬಾರ್ಡರ್‌ನಲ್ಲಿದೆ, ಅನ್ನ ಕಡಿಮೆ ಮಾಡಿ’ ಅಂದರು. ನಾನು ಅನ್ನ, ಮುದ್ದೆ, ಇಡ್ಲಿ, ಚಪಾತಿ, ಹಣ್ಣು ಎಲ್ಲವನ್ನೂ ಬಿಟ್ಟೆ. ತೂಕ ಆರು ಕೆ.ಜಿ. ಇಳಿದಿದೆ. ಆದರೂ ಬೆಳಗ್ಗೆ ಚುಚ್ಚಿ ನೋಡಿದರೆ ಒಂದು ದಿನ 104, ಇನ್ನೊಂದು ದಿನ 112. ದಿನಕ್ಕೆ ಐದಾರು ಸಲ ನೋಡಿಕೊಳ್ಳುತ್ತೇನೆ. ತಿಂಡಿ ತಿನ್ನಲು ಹೆದರಿಕೆ, ಹಾಗೇ ಶಾಲೆಗೆ ಹೋಗುತ್ತೇನೆ. ಹನ್ನೊಂದರ ಹೊತ್ತಿಗೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ಮದುವೆಮನೆಗೆ ಹೋಗುವುದನ್ನೇ ಬಿಟ್ಟಿದ್ದೇನೆ. ನನ್ನ ಅಮ್ಮನಿಗೆ ಶುಗರ್‌ನಿಂದ ಕಾಲ್ಬೆರಳು ತೆಗೆಯಬೇಕಾಯಿತು. ಮುಟ್ಟಿನ ಸ್ರಾವ ಜಾಸ್ತಿ, ಸುಸ್ತೂ ಇದೆ. ಇನ್ನೇನು ಬಿಡಲಿ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಇನ್ನೇನನ್ನೂ ಬಿಡಬೇಡಿ. ಬಿಟ್ಟಿರುವುದರಲ್ಲಿ ಕೆಲವನ್ನು ವಾಪಸ್ ತಟ್ಟೆಗೆ ಹಾಕಿಕೊಳ್ಳುವ ಸಮಯ ಬಂದಿದೆ.

ನಿಮ್ಮ ಕಾಳಜಿಗೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಅಮ್ಮನಿಗೆ ಇದ್ದ ಕಾಯಿಲೆ ಮಗಳಿಗೆ ಬರುವ ಸಂಭವ ಹೆಚ್ಚು. ನಮ್ಮ ಜನರಲ್ಲಿ ಬಾರ್ಡರ್ ದಾಟುವ ವೇಗವೂ ಹೆಚ್ಚು. 2006ರಲ್ಲಿ ಪ್ರಕಟವಾದ, ಚೆನ್ನೈನ ವೈದ್ಯರು ನಡೆಸಿದ ಅಧ್ಯಯನದಲ್ಲಿ ಬಾರ್ಡರ್‌ನಲ್ಲಿದ್ದವರನ್ನು ಹಾಗೇ ಬಿಟ್ಟಾಗ ಮೂರು ವರ್ಷದೊಳಗೆ ನೂರಕ್ಕೆ 55 ಜನ ಮಧುಮೇಹಿಗಳಾದರು. ಆಹಾರ ತಿದ್ದಿಕೊಂಡು ದಿನವೂ ನಡೆದವರಲ್ಲಿ ಆ ಸಂಖ್ಯೆ ಸುಮಾರು 39ಕ್ಕೆ ಇಳಿಯಿತು. ಅವರು ಊಟ ಬಿಟ್ಟವರಲ್ಲ. ಸಕ್ಕರೆ, ಮೈದಾ, ಎಣ್ಣೆ ತಗ್ಗಿಸಿದವರು. ನೀವು ಇಳಿಸಿದ ಆರು ಕೆ.ಜಿ. ಆ ದಾರಿಯಲ್ಲಿ ದೊಡ್ಡ ಹೆಜ್ಜೆಯೇ. ಅದು ನಿಮ್ಮ ಕಣ್ಣಿಗೆ ಬೀಳುತ್ತಿಲ್ಲ, ಮೀಟರ್‌ನ 112 ಮಾತ್ರ ಬೀಳುತ್ತಿದೆ. ನನಗೆ ಸಂಕಟವಾಗಿದ್ದು ಅದಕ್ಕೆ.

ಆ 112ರ ವಿಚಾರಕ್ಕೆ ಬರೋಣ. ಮನೆಯಲ್ಲಿ ಬಳಸುವ ಗ್ಲುಕೋಮೀಟರ್‌ಗೆ ಅಂತರರಾಷ್ಟ್ರೀಯ ಮಾನದಂಡವೇ ಶೇ 15ರಷ್ಟು ಹೆಚ್ಚುಕಮ್ಮಿಗೆ ಅವಕಾಶ ಕೊಟ್ಟಿದೆ. ಅಂದರೆ 110 ಎಂದು ತೋರಿಸಿದಾಗ ನಿಜವಾದದ್ದು 95ರ ಆಸುಪಾಸಿನಲ್ಲೂ ಇರಬಹುದು, 125ರ ಹತ್ತಿರವೂ ಇರಬಹುದು. 104 ಬಂದ ದಿನ ನೆಮ್ಮದಿ, 112 ಬಂದ ದಿನ ಕಣ್ಣೀರು, ಈ ಎರಡಕ್ಕೂ ಆಧಾರವಿಲ್ಲ. ಜೊತೆಗೆ ನಸುಕಿನಲ್ಲಿ ದೇಹ ಏಳಲು ಸಿದ್ಧವಾಗುವಾಗ ಕಾರ್ಟಿಸೋಲ್‌ನಂಥ ಹಾರ್ಮೋನುಗಳು ಏರುತ್ತವೆ, ಲಿವರ್ ತಾನಾಗಿಯೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಪಿಷ್ಟ (ಕಾರ್ಬ್) ಬಹಳ ಕಡಿಮೆ ತಿನ್ನುವ ಕೆಲವರಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಸ್ನಾಯುಗಳು ಕೊಬ್ಬನ್ನೇ ಉರಿಸುವುದಕ್ಕೆ ಒಗ್ಗಿಕೊಂಡು ಸಕ್ಕರೆಯನ್ನು ಮಿದುಳಿಗೆ ಉಳಿಸುತ್ತವೆ. ಹಾಗಾಗಿ ಬೆಳಗಿನ ಸಂಖ್ಯೆ ತುಸು ಮೇಲಿದ್ದು, ಊಟದ ನಂತರದ್ದೂ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯೂ ಚೆನ್ನಾಗಿರಬಹುದು. ರಾತ್ರಿಯೆಲ್ಲ ನಿದ್ದೆಗೆಟ್ಟು ಯೋಚಿಸಿದರೆ ಅದೇ ಹಾರ್ಮೋನುಗಳು ಇನ್ನೂ ಏರುತ್ತವೆ. ಸಂಖ್ಯೆಗೆ ಹೆದರಿದಷ್ಟೂ ಸಂಖ್ಯೆ ಏರುವ ಈ ಸುಳಿಯಿಂದ ನೀವು ಮೊದಲು ಹೊರಗೆ ಬರಬೇಕು.

ಅದಕ್ಕೆ ಒಂದು ಖಚಿತವಾದ ಸಲಹೆ: ಮೀಟರನ್ನು ಮನೆಯವರ ಕೈಗೆ ಕೊಟ್ಟುಬಿಡಿ. ಮಾತ್ರೆ ಇಲ್ಲದೆ ಬಾರ್ಡರ್‌ನಲ್ಲಿರುವವರಿಗೆ ದಿನವೂ ಚುಚ್ಚಿಕೊಳ್ಳುವ ಅಗತ್ಯವಿಲ್ಲ. ಪ್ರತಿ ಸಲ ನೋಡಿದಾಗ ಸಿಗುವ ಸಮಾಧಾನ ಅರ್ಧ ಗಂಟೆಯೂ ಬಾಳುವುದಿಲ್ಲ, ಮತ್ತೆ ನೋಡಬೇಕೆನಿಸುತ್ತದೆ. ಮೊದಲ ವಾರ ಚಡಪಡಿಕೆ ಜಾಸ್ತಿಯಾಗುತ್ತದೆ, ಆಮೇಲೆ ಇಳಿಯುತ್ತದೆ. ಸದ್ಯಕ್ಕೆ ಮೂರು ತಿಂಗಳಿಗೊಮ್ಮೆ ಲ್ಯಾಬ್‌ನಲ್ಲಿ ಎಚ್‌ಬಿಎ1ಸಿ ಮಾಡಿಸಿ, ಸ್ಥಿರವಾದ ಮೇಲೆ ವರ್ಷಕ್ಕೊಮ್ಮೆ ಸಾಕು. 5.7ರಿಂದ 6.4 ಬಾರ್ಡರ್, 6.5ರಿಂದ ಮೇಲೆ ಮಧುಮೇಹ.

ನಿಮ್ಮ ಪತ್ರದಲ್ಲಿ ಕೊನೆಗೆ ಸೇರಿಸಿದ ಸಾಲು ನನಗೆ ಬಹಳ ಮುಖ್ಯವಾಗಿ ಕಂಡಿತು. ಸ್ರಾವ ಜಾಸ್ತಿ, ಸುಸ್ತು ಅಂದಿದ್ದೀರಿ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು. ನಿಮ್ಮ 6.0ರಲ್ಲಿ ಅದರ ಪಾಲೂ ಇರಬಹುದು. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಮೂರನ್ನೂ ಈ ವಾರವೇ ಮಾಡಿಸಿ. ಎದೆ ಡವಗುಟ್ಟುವುದಕ್ಕೂ ರಕ್ತಹೀನತೆ, ಥೈರಾಯ್ಡ್ ತೊಂದರೆ ಕಾರಣವಾಗಬಹುದು. ಸ್ರಾವಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣಿ. ಶುಗರ್ ಮಾತ್ರೆ ತೆಗೆದುಕೊಳ್ಳದವರಲ್ಲಿ ಅಪಾಯವಾಗುವಷ್ಟು ಶುಗರ್ ಇಳಿಯುವುದು ಅಪರೂಪ. ಹನ್ನೊಂದು ಗಂಟೆಯ ನಡುಕಕ್ಕೆ ಖಾಲಿ ಹೊಟ್ಟೆ ಮತ್ತು ಆತಂಕ ಎರಡೂ ಸೇರಿರುವಂತೆ ಕಾಣುತ್ತದೆ. ಬೆಳಗ್ಗೆ ಎರಡು ಮೊಟ್ಟೆ ಅಥವಾ ಎರಡು ಹೆಸರುಬೇಳೆ ದೋಸೆ ತಿಂದೇ ಹೊರಡಿ.

ಊಟದ ಬಗ್ಗೆ: ನಮ್ಮ ಊಟದಲ್ಲಿ ಶಕ್ತಿಯ ಶೇ 60ರಿಂದ 75 ಭಾಗ ಪಿಷ್ಟದಿಂದಲೇ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನವನ್ನು ಆಧರಿಸಿದ 2022ರ ವರದಿ ಬಾರ್ಡರ್‌ನಲ್ಲಿರುವವರಿಗೆ ಸೂಚಿಸಿದ್ದು ಪಿಷ್ಟವನ್ನು 50ರಿಂದ 56ಕ್ಕೆ ತಂದು, ಪ್ರೋಟೀನನ್ನು 20ರ ಹತ್ತಿರಕ್ಕೆ ಏರಿಸುವುದನ್ನು. ಅದಕ್ಕಿಂತ ಕಡಿಮೆ ತಿಂದು ಚೆನ್ನಾಗಿರುವವರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಮದುವೆಮನೆಗೆ ಹೋಗದಂತೆ ಮಾಡುವ ಪಥ್ಯ ಹತ್ತು ವರ್ಷ ಉಳಿಯುವುದಿಲ್ಲ. ಮಧ್ಯಾಹ್ನ ಪುಟ್ಟ ಮುದ್ದೆ, ಜೊತೆಗೆ ಬಟ್ಟಲು ತುಂಬ ಸೊಪ್ಪಿನ ಸಾರು, ಹುರುಳಿ ಅಥವಾ ಅವರೆ ಕಾಳು. ಸಂಜೆ ಒಂದು ಸೀಬೆಹಣ್ಣು. ಮದುವೆಯಲ್ಲಿ ಮೊದಲು ಕೋಸಂಬರಿ, ಪಲ್ಯ, ಆಮೇಲೆ ಒಂದು ಸೌಟು ಅನ್ನ, ಊಟವಾದ ಮೇಲೆ ಕಾಲು ಗಂಟೆ ನಡಿಗೆ. ಅಮ್ಮನ ಬೆರಳು ಹೋಗಿದ್ದು ಒಂದು ಊಟದಿಂದಲ್ಲ. ಶುಗರ್ ವರ್ಷಗಟ್ಟಲೆ ಏರಿದ್ದು, ಕಾಲಿನ ನರ ಮರಗಟ್ಟಿ, ಗಾಯ ಗೊತ್ತಾಗದೆ ಹೋದಾಗ ಹಾಗಾಗುತ್ತದೆ. ನೀವು ಆ ಸ್ಥಿತಿಯಿಂದ ಬಹಳ ದೂರದಲ್ಲಿದ್ದೀರಿ, ಮತ್ತು ಬೇಗನೆ ಎಚ್ಚೆತ್ತಿದ್ದೀರಿ.

ಇಷ್ಟಾದ ಮೇಲೂ ಭಯ ಬಿಡದಿದ್ದರೆ, ನಿದ್ದೆ ಬಾರದಿದ್ದರೆ, ಸಂಕೋಚವಿಲ್ಲದೆ ಆಪ್ತಸಲಹೆ ಪಡೆಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಪ್ರಶ್ನೆ: ರಾಗಿ ತಿಂದರೆ ಶುಗರ್ ಏರುವುದಿಲ್ಲವಂತೆ, ಎಷ್ಟು ಬೇಕಾದರೂ ತಿನ್ನಬಹುದೇ?
– ಓದುಗರು, ಮಂಡ್ಯ

ಉತ್ತರ: ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟವಿದೆ, ಅಕ್ಕಿಯಲ್ಲಿ 78ರಷ್ಟು. ವ್ಯತ್ಯಾಸ ದೊಡ್ಡದಲ್ಲ. ರಾಗಿಯ ಹೆಚ್ಚುಗಾರಿಕೆ ಅದರ ನಾರು ಮತ್ತು ಕ್ಯಾಲ್ಸಿಯಂನಲ್ಲಿದೆ. ದೊಡ್ಡ ಮುದ್ದೆ ಎರಡು ತಿಂದರೆ ಶುಗರ್ ಏರಿಯೇ ಏರುತ್ತದೆ. ನುಣ್ಣಗಿನ ಹಿಟ್ಟಿನ ಅಂಬಲಿ ಇನ್ನೂ ಬೇಗ ಏರಿಸಬಹುದು.

ಪ್ರಶ್ನೆ: ನಮ್ಮ ಮನೆಯವರಿಗೆ 51. ಎಂಟು ತಿಂಗಳಿಂದ ರೊಟ್ಟಿ, ಅನ್ನ ಮುಟ್ಟಿಲ್ಲ. ಮುಂದಿನ ವಾರ ಗ್ಲುಕೋಸ್ ಕುಡಿದು ಮಾಡುವ ಪರೀಕ್ಷೆ ಇದೆ. ಫೇಲ್ ಆಗ್ತೀನಿ ಅಂತ ರಾತ್ರಿ ಎದ್ದು ಕೂಡುತ್ತಾರೆ. ಏನು ಮಾಡಲಿ?
– ಓದುಗರು, ಧಾರವಾಡ

ಉತ್ತರ: ಈಗಿನ ಪಥ್ಯದಲ್ಲೇ ಹೋದರೆ ಅವರ ಭಯ ಸುಳ್ಳುಸುಳ್ಳೇ ನಿಜವಾಗಿ ಕಾಣಬಹುದು. ತಿಂಗಳುಗಟ್ಟಲೆ ಪಿಷ್ಟ ಕಾಣದ ದೇಹಕ್ಕೆ ಒಮ್ಮೆಲೇ 75 ಗ್ರಾಂ ಗ್ಲುಕೋಸ್ ಕೊಟ್ಟರೆ ಇನ್ಸುಲಿನ್ ತಡವಾಗಿ ಬರುತ್ತದೆ, ಫಲಿತಾಂಶ ಏರುತ್ತದೆ. ಅದಕ್ಕೇ ಪರೀಕ್ಷೆಗೆ ಮುಂಚಿನ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಪಿಷ್ಟ ತಿನ್ನಬೇಕೆಂಬ ನಿಯಮವಿದೆ. ಬೆಳಗ್ಗೆ ಒಂದು ತಟ್ಟೆ ಉಪ್ಪಿಟ್ಟು, ಮಧ್ಯಾಹ್ನ ಎರಡು ಜೋಳದ ರೊಟ್ಟಿ, ರಾತ್ರಿ ಒಂದು ಬಟ್ಟಲು ಅನ್ನ, ಬೇಳೆ, ಮೊಸರು ಇದ್ದರೆ ಅಷ್ಟಾಗುತ್ತದೆ. ಈ ಮೂರು ದಿನದ ಊಟದಿಂದ ಕಾಯಿಲೆ ಬರುವುದಿಲ್ಲ ಎಂದು ಅವರಿಗೆ ಧೈರ್ಯವಾಗಿ ಹೇಳಿ, ನೀವೂ ಅದನ್ನೇ ಜೊತೆಗೆ ಕೂತು ಉಣ್ಣಿ. ಶುಗರ್ ಮಾತ್ರೆ ಏನಾದರೂ ನುಂಗುತ್ತಿದ್ದರೆ ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಿ.

ಎರಡು ಗಂಟೆಯ ಫಲಿತಾಂಶ 140ರ ಒಳಗಿದ್ದರೆ ಸರಿ, 199ರವರೆಗೆ ಬಾರ್ಡರ್, 200 ಮತ್ತು ಮೇಲೆ ಮಧುಮೇಹ. ಲ್ಯಾಬ್‌ಗೆ ಅವರನ್ನು ಒಬ್ಬರನ್ನೇ ಕಳಿಸಬೇಡಿ. ವರದಿ ಬಂದಾಗ ಫೋನಿನಲ್ಲಿ ಹುಡುಕುವ ಮೊದಲೇ ವೈದ್ಯರಿಗೆ ತೋರಿಸಿ. ಎಂಟು ತಿಂಗಳು ಏನು ತಿಂದರು, ಕೊನೆಯ ಮೂರು ದಿನ ಏನು ತಿಂದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.