ಗಾಡಿಯ ಸದ್ದು ಕೇಳೋಣ

ಬೀಸುವ ಕಲ್ಲಿನ ಗೂಟ ಸಡಿಲವಾದರೆ ನಮಗೆ ಗೊತ್ತಾಗುತ್ತೆ. ಬಾವಿಯ ರಾಟೆ ಕಿರ್ ಅಂದರೆ ಎಣ್ಣೆ ಬಿಡಬೇಕು ಅಂತ ತಿಳಿಯುತ್ತೆ. ಎತ್ತಿನ ಗಾಡಿಗೆ ಕೀಲೆಣ್ಣೆ ಒಣಗಿದರೆ ಊರಾಚೆಯಿಂದಲೇ ಕೇಳಿಸುತ್ತೆ. ಇದನ್ನೆಲ್ಲ ನಮಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ಕಿವಿಯೇ ಕಲಿತುಕೊಂಡಿತು. ಅದೇ ಕಿವಿಯಿಂದ ಹಳೇ ಕಾರಿನ ಸದ್ದನ್ನೂ ಗುರುತಿಸಬಹುದು.

ಕಾರಿನ ಪಾಠ ನಮಗೇಕೆ ಅಂತ ನೀವು ಕೇಳಬಹುದು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಈಗಲೂ ಮಾರುತಿ ಓಮ್ನಿ ಓಡಾಡುತ್ತವೆ. ಮಾರುತಿ 800 ಕೂಡ ಇವೆ. ಅಂಬಾಸಿಡರ್ ಅಲ್ಲೊಂದು ಇಲ್ಲೊಂದು. ಅಂಬಾಸಿಡರ್ ಮತ್ತು ಮಾರುತಿ 800 ಮಾಡುವುದು 2014ರಲ್ಲಿ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಹಾಗಾಗಿ ಈಗ ಇರೋದೆಲ್ಲ ಹಳೇ ಗಾಡಿಗಳೇ. ಆಲೂಗಡ್ಡೆ ಮೂಟೆ ಹಾಸನಕ್ಕೆ ಹೋಗಬೇಕು. ನಡುರಾತ್ರಿ ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಓಡಬೇಕು. 108 ಗಾಡಿ ಬರುವುದು ತಡವಾದರೆ ಊರಿನ ಓಮ್ನಿಯೇ ಗತಿ. ಕೆಲವರು ಮಹಿಳಾ ಸಂಘದ ಸಾಲದಲ್ಲೇ ಹಳೇ ಓಮ್ನಿ ಕೊಂಡಿದ್ದಾರೆ. ಓಡಿಸೋರು ಗಂಡ ಇಲ್ಲವೇ ಮಗ. ಕಂತು ಕಟ್ಟೋರು ನಾವು. ಗಾಡಿ ಕೆಟ್ಟು ನಿಂತರೆ ಕಂತೂ ನಿಲ್ಲುತ್ತೆ.

ಎಂಜಿನ್ ತಿರುಗಿದರೆ ಸಾಲದು. ಅದರ ಶಕ್ತಿ ಚಕ್ರಕ್ಕೆ ಬರಬೇಕು. ಅದು ಬರುವ ದಾರಿ ಹೀಗಿದೆ. ಎಂಜಿನ್ ಆದ ಮೇಲೆ ಕ್ಲಚ್. ಆಮೇಲೆ ಗೇರ್ ಬಾಕ್ಸ್. ಅಲ್ಲಿಂದ ಹಿಂದಕ್ಕೆ ಒಂದು ಉದ್ದ ಕೊಳವೆ. ಅದಕ್ಕೆ ಜಾಯಿಂಟ್ ಶಾಫ್ಟ್ ಅಂತಾರೆ. ಅದರ ಎರಡು ತುದಿಗೂ ಕೂಡಿಸುವ ಚಿಹ್ನೆಯ ಹಾಗೆ ಇರುವ ಒಂದು ಕಬ್ಬಿಣ ಇರುತ್ತೆ. ಅದೇ ಕ್ರಾಸ್. ಶಾಫ್ಟು ಹೋಗಿ ಹಿಂದಿನ ಎರಡು ಚಕ್ರಗಳ ನಡುವಿನ ಗುಂಡನೆ ಹೌಸಿಂಗಿಗೆ ಸೇರುತ್ತೆ. ಅದರೊಳಗೆ ಕ್ರೌನು, ಪಿನಿಯನ್ನು ಎಂಬ ಹಲ್ಲಿನ ಚಕ್ರಗಳಿವೆ. ಅಲ್ಲಿಂದ ಶಕ್ತಿ ಎರಡು ಕಡೆಯ ಚಕ್ರಕ್ಕೂ ಹಂಚಿಹೋಗುತ್ತೆ. ಓಮ್ನಿ ಮತ್ತು ಅಂಬಾಸಿಡರ್ ಎರಡೂ ಹೀಗೇ. ಮಾರುತಿ 800ರಲ್ಲಿ ಈ ಉದ್ದ ಶಾಫ್ಟ್ ಇಲ್ಲ. ಅದು ಮುಂದಿನ ಚಕ್ರದಿಂದ ಎಳೆಯುವ ಗಾಡಿ.

ಮೊದಲು ಒಂದು ಪರೀಕ್ಷೆ ಮಾಡಬೇಕು. ಗಾಡಿ ನಿಲ್ಲಿಸಿ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಎಂಜಿನ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಡಿ. ಆಗಲೂ ಸದ್ದು ಬಂದರೆ ಅದು ಎಂಜಿನ್ ಕಡೆಯದು, ಇಲ್ಲವೇ ಕ್ಲಚ್, ಗೇರ್ ಬಾಕ್ಸಿನದು. ಗಾಡಿ ಹೊರಟ ಮೇಲಷ್ಟೇ ಬಂದರೆ ಮುಂದಿನ ದಾರಿಯಲ್ಲಿ ಹುಡುಕಬೇಕು. ಇಷ್ಟು ಹೇಳಿದರೇ ಅರ್ಧ ಕೆಲಸ ಆದಂತೆ.

ನಿಂತಾಗಲೇ ಸದ್ದು ಬಂದರೆ ಕ್ಲಚ್ ಒತ್ತಿ ನೋಡಿ. ಒತ್ತಿದಾಗ ಜರ್ ಅಂದು, ಬಿಟ್ಟಾಗ ನಿಂತರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ಸವೆದಿರಬಹುದು. ಒತ್ತಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಅನುಮಾನ. ರಿಲೀಸ್ ಬೇರಿಂಗ್ ಸಣ್ಣ ಸಾಮಾನು. ಆದರೆ ಅದಕ್ಕೋಸ್ಕರ ಗೇರ್ ಬಾಕ್ಸನ್ನೇ ಇಳಿಸಬೇಕು. ಕೂಲಿಯೇ ಜಾಸ್ತಿ. ಆದ್ದರಿಂದ ಇಳಿಸಿದಾಗಲೇ ಕ್ಲಚ್ ಪ್ಲೇಟನ್ನೂ ನೋಡಿಸಿಬಿಡಿ. ಸವೆದಿದ್ದರೆ ಜೊತೆಗೇ ಹಾಕಿಸಿ. ಎರಡು ಸಲ ಕೂಲಿ ಕೊಡುವುದು ತಪ್ಪುತ್ತೆ.

ಓಮ್ನಿಯಲ್ಲಿ ಗಮನ ಇಟ್ಟು ಕೇಳಬೇಕಾದದ್ದು ಕ್ರಾಸಿನ ಸದ್ದು. ಕ್ರಾಸಿನ ನಾಲ್ಕು ತುದಿಗೂ ಸಣ್ಣ ಬಟ್ಟಲುಗಳಿವೆ. ಬಟ್ಟಲೊಳಗೆ ಸೂಜಿಯಂಥ ಕಡ್ಡಿಗಳು ಸುತ್ತಲೂ ಜೋಡಿಸಿವೆ. ಅವುಗಳಿಗೆ ಗ್ರೀಸ್ ಬೇಕು. ಮಳೆಗಾಲದ ಕೆಸರು, ನೀರು ಒಳಗೆ ಹೋದರೆ ಗ್ರೀಸ್ ತೊಳೆದುಹೋಗುತ್ತೆ. ಸೂಜಿ ತುಕ್ಕು ಹಿಡಿಯುತ್ತೆ. ಆಗ ಮೆಲ್ಲಗೆ ಹೋಗುವಾಗ ಚಿಂವ್ ಚಿಂವ್ ಅಂತ ಹಕ್ಕಿಮರಿಯ ಹಾಗೆ ಕೇಳಿಸುತ್ತೆ. ಕೆಲವು ದಿನ ಕಳೆದರೆ ಗಾಡಿ ಹೊರಡುವಾಗ, ರಿವರ್ಸ್ ಹಾಕುವಾಗ ಟಕ್ ಅನ್ನುತ್ತೆ. ಆಮೇಲೆ ಸ್ಪೀಡಿನಲ್ಲಿ ಕಾಲ ಕೆಳಗೆ ನಡುಕ ಶುರುವಾಗುತ್ತೆ. ಡ್ರೈವರು ಟೇಪ್ ಜೋರು ಮಾಡಿ ಸದ್ದು ಹೋಯ್ತು ಅಂತಾರೆ. ಸದ್ದು ಎಲ್ಲೂ ಹೋಗಿರಲ್ಲ.

ನಡುಕ ಬಂದ ಗಾಡಿಯಲ್ಲಿ ಜನ ಕೂರಬಾರದು. ಕ್ರಾಸ್ ಮುರಿದರೆ ಶಾಫ್ಟ್ ಕಳಚಿ ರಸ್ತೆಗೆ ಬೀಳುತ್ತೆ. ಮುಂದಿನ ತುದಿ ಬಿದ್ದರೆ ಅದು ನೆಲಕ್ಕೆ ನಾಟಿಕೊಂಡು ಗಾಡಿಯನ್ನೇ ಎತ್ತಿಹಾಕಬಹುದು. ಚನ್ನರಾಯಪಟ್ಟಣದ ಹೈವೇಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಹೀಗಾದರೆ ಏನು ಗತಿ?

ಕ್ರಾಸನ್ನು ನೀವೇ ನೋಡಬಹುದು. ಗಾಡಿ ಸಮನೆಲದಲ್ಲಿ ಇರಲಿ. ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಆಮೇಲೆ ಪಕ್ಕದಿಂದ ಕೈ ಹಾಕಿ ಶಾಫ್ಟನ್ನು ಆಕಡೆ ಈಕಡೆ ತಿರುಚಿ. ಕ್ರಾಸಿನ ಹತ್ತಿರ ಸಡಿಲ ಕಂಡರೆ, ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅದು ಮುಗಿಯಿತು. ಗ್ರೀಸ್ ಹೊಡೆದರೆ ಸರಿಹೋಗಲ್ಲ. ಗಾಡಿ ಈಗಷ್ಟೇ ಓಡಿ ಬಂದಿದ್ದರೆ ಕೈ ಹಾಕಬೇಡಿ, ಸೈಲೆನ್ಸರ್ ಸುಡುತ್ತೆ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಯಾರೂ ಮಲಗಬಾರದು.

ಬದಲಾಯಿಸುವಾಗ ಎದುರಿಗೇ ನಿಂತು ನೋಡಿ. ಶಾಫ್ಟ್ ಬಿಚ್ಚುವ ಮೊದಲು ಮೆಕ್ಯಾನಿಕ್ ಅದರ ಮೇಲೆ ಗುರುತು ಮಾಡಬೇಕು. ಮೊದಲು ಹೇಗಿತ್ತೋ ಹಾಗೇ ಕೂರಿಸದಿದ್ದರೆ ಹೊಸ ಕ್ರಾಸ್ ಹಾಕಿದರೂ ನಡುಕ ಬರಬಹುದು. ಬಟ್ಟಲುಗಳನ್ನು ಹಿಡಿಯುವ ಸಣ್ಣ ರಿಂಗ್‌ಗಳು ನಾಲ್ಕೂ ಸರಿಯಾಗಿ ಕೂತಿರಬೇಕು. ಶಾಫ್ಟ್ ಎಳೆದಾಗ ಗೇರ್ ಬಾಕ್ಸಿನ ಆಯಿಲ್ ಸ್ವಲ್ಪ ಚೆಲ್ಲಬಹುದು. ಮತ್ತೆ ತುಂಬಿಸಿದರಾ ಅಂತ ಕೇಳಿ.

ಸದ್ದು ಗುಂಯ್ ಅಂತ ಇದ್ದು, ಸ್ಪೀಡು ಏರಿದ ಹಾಗೆ ಏರಿದರೆ ಅದು ಚಕ್ರದ ಬೇರಿಂಗ್ ಇರಬಹುದು. ರಸ್ತೆ ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ಬೀಳುತ್ತೆ. ಆಗ ಜೋರಾದರೆ ಬಲಚಕ್ರ ನೋಡಬೇಕು. ಡಾಂಬರಿನಿಂದ ಸಿಮೆಂಟ್ ರಸ್ತೆಗೆ ಬಂದಾಗ ಸದ್ದೇ ಬದಲಾದರೆ ಅದು ಟೈರಿನ ಸದ್ದು, ಬೇರಿಂಗಿಗೆ ದುಡ್ಡು ಹಾಕಬೇಡಿ.

ಮಾರುತಿ 800ರಲ್ಲಿ ಪೂರ್ತಿ ತಿರುಗಿಸುವಾಗ ಕಟ ಕಟ ಅಂದರೆ ಚಕ್ರದ ಬಳಿಯ ಜಾಯಿಂಟ್ ಸವೆದಿದೆ. ಅದಕ್ಕೆ ಒಂದು ರಬ್ಬರ್ ಚೀಲ ಇರುತ್ತೆ. ಅದು ಹರಿದರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಸದ್ದು ಬರುವ ಮೊದಲೇ ಚೀಲ ಬದಲಾಯಿಸಿದರೆ ಸ್ವಲ್ಪದರಲ್ಲೇ ಮುಗಿಯುತ್ತೆ. ಹಿಂದಿನ ಹೌಸಿಂಗಿನಿಂದ ಊಳಿಡುವ ಸದ್ದು ಬಂದು, ರೇಸ್ ಬಿಟ್ಟಾಗ ಬದಲಾದರೆ ಮೊದಲು ಅದರ ಆಯಿಲ್ ಇದೆಯಾ ನೋಡಿಸಿ. ಕ್ರೌನು, ಪಿನಿಯನ್ನು ಬದಲಾಯಿಸುವ ಮಾತು ಆಮೇಲೆ. ಅದು ದೊಡ್ಡ ಖರ್ಚು.

ಈಗ ನಿಮಗೆ ಬರೆಯಲು ಬರುತ್ತೆ. ಗ್ಯಾರೇಜಿಗೆ ಹೋಗುವಾಗ ಒಂದು ಚೀಟಿ ಬರೆದು ಕೊಡಿ.

ಗಾಡಿ: ಓಮ್ನಿ.
ಸದ್ದು: ಟಕ್.
ಯಾವಾಗ: ಹೊರಡುವಾಗ, ರಿವರ್ಸ್ ಹಾಕುವಾಗ.
ನಿಂತಾಗ: ಇಲ್ಲ.
ಎಷ್ಟು ದಿನದಿಂದ: 8 ದಿನ.

ಚೀಟಿ ಇದ್ದರೆ ಇಡೀ ಗಾಡಿ ಬಿಚ್ಚುವ ಕೆಲಸ ಇಲ್ಲ. ಬಿಲ್ ಬಂದ ಮೇಲೆ ಅದರಲ್ಲಿ ಸಾಮಾನಿನ ಹೆಸರು ಓದಿ. ಸಾಮಾನಿಗೆ ಎಷ್ಟು, ಕೂಲಿಗೆ ಎಷ್ಟು ಅಂತ ಬೇರೆ ಬೇರೆ ಬರೆಸಿ. ತೆಗೆದ ಹಳೇ ಕ್ರಾಸನ್ನು ಕೇಳಿ ಪಡೆಯಿರಿ. ಬೆರಳಲ್ಲಿ ಮುಟ್ಟಿ ನೋಡಿ, ಸೂಜಿ ಕೂತಿದ್ದ ಜಾಗದಲ್ಲಿ ಗೆರೆ ಗೆರೆ ಬಿದ್ದಿರುತ್ತೆ. ದುಡ್ಡು ಕೊಡುವ ಮುಂಚೆ ಗಾಡಿಯಲ್ಲಿ ಕೂತು ಎರಡು ಮೂರು ಕಿಲೋಮೀಟರ್ ಹೋಗಿ ಬನ್ನಿ. ಮೊದಲು ಸದ್ದು ಬರುತ್ತಿದ್ದ ಹಾಗೇ ಹೊರಡಿಸಿ, ರಿವರ್ಸ್ ಹಾಕಿಸಿ. ಟೇಪ್ ಮಾತ್ರ ಬಂದ್ ಮಾಡಿಸಿ.